ಸ್ಟಿಯರಿಕ್ ಆಸಿಡ್: ಯಾವ ಕೆಲಸಕ್ಕೆ ಕೊಳ್ಳಬೇಕು, ಯಾವುದಕ್ಕೆ ಬೇರೆಯದೇ ವಾಸಿ

ಹೆಸರಿನಲ್ಲಿ ಆಸಿಡ್ ಇದೆ, ಆದರೆ ಪ್ಯಾಕೆಟ್ ಬಿಚ್ಚಿದರೆ ಕಾಣುವುದು ಬಿಳಿ ಚಕ್ಕೆಗಳು. ಬೆರಳಲ್ಲಿ ಉಜ್ಜಿದರೆ ಜಾರುತ್ತದೆ, ಮೂಗಿಗೆ ಹಿಡಿದರೆ ಮೇಣದಬತ್ತಿಯ ಸಣ್ಣ ವಾಸನೆ, ನೀರಿಗೆ ಹಾಕಿದರೆ ತೇಲುತ್ತದೆಯೇ ಹೊರತು ಕರಗುವುದಿಲ್ಲ. ಕೈ ಸುಡುವ ಆಸಿಡ್ ಅಲ್ಲ ಇದು, ಕೊಬ್ಬಿನ ಒಂದು ತುಂಡು, ಅಷ್ಟೆ. ತುಪ್ಪದಲ್ಲಿದೆ, ಕೋಕೋ ಬೆಣ್ಣೆಯಲ್ಲಿದೆ, ಮುರುಗಲು (ಪುನರ್ಪುಳಿ) ಬೀಜದಲ್ಲಿದೆ, ದನ ಕುರಿಗಳ ಕೊಬ್ಬಿನಲ್ಲಿದೆ. ಪ್ರಮಾಣ ಮಾತ್ರ ಬೇರೆ ಬೇರೆ.

ವಿಷಯ ಸರಳ. 18 ಕಾರ್ಬನ್‌ಗಳ ಒಂದು ಉದ್ದ ಸರಪಳಿ, ಎಲ್ಲೂ ಜೋಡಿ ಬಂಧ ಇಲ್ಲ, ಅದಕ್ಕೇ ಸ್ಯಾಚುರೇಟೆಡ್ ಅನ್ನುತ್ತಾರೆ. ಸರಪಳಿ ನೆಟ್ಟಗಿರುವುದರಿಂದ ಒಂದರ ಪಕ್ಕ ಒಂದು ಒತ್ತಾಗಿ ಕೂರುತ್ತವೆ, ಬಿಡಿಸಲು ಜಾಸ್ತಿ ಬಿಸಿ ಬೇಕು. ಶುದ್ಧ ಸ್ಟಿಯರಿಕ್ ಕರಗುವುದು ಸುಮಾರು 69 ಡಿಗ್ರಿಯಲ್ಲಿ. ಅದೇ 18 ಕಾರ್ಬನ್‌ನ ಓಲಿಕ್ ಆಸಿಡ್‌ನ ನಡುವೆ ಒಂದೇ ಒಂದು ಜೋಡಿ ಬಂಧ ಇದೆ, ಅಲ್ಲಿ ಸರಪಳಿ ಸೊಟ್ಟಗಾಗುತ್ತದೆ, ಅಷ್ಟಕ್ಕೇ ಅದು ನಮ್ಮ ಊರುಗಳ ಸಾಮಾನ್ಯ ಬಿಸಿಗೆ ಎಣ್ಣೆಯಾಗಿಯೇ ಇರುತ್ತದೆ. ಸ್ಟಿಯರಿಕ್ ಮಾಡುವ ಎಲ್ಲ ಕೆಲಸದ ಹಿಂದೆ ಇರುವುದು ಈ ಗಟ್ಟಿತನವೇ: ಮೇಣ ಬಾಗದಂತೆ ನಿಲ್ಲಿಸುವುದು, ಸೋಪು ಬೇಗ ಕರಗದಂತೆ ನೋಡಿಕೊಳ್ಳುವುದು, ಕ್ರೀಮಿಗೆ ಮೈ ಕೊಡುವುದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ, ಓದುವಷ್ಟು ಪುರುಸೊತ್ತಿಲ್ಲದವರಿಗೆ. ಅಚ್ಚಿನ ಮೇಣದಬತ್ತಿಗೆ, ಶೇವಿಂಗ್ ಸೋಪಿಗೆ, ಕಾಲಿಗೆ ಹಚ್ಚುವ ಗಟ್ಟಿ ಕ್ರೀಮಿಗೆ ಇದನ್ನು ಕೊಳ್ಳಿ. ಮೈಗೆ ಹಚ್ಚುವ ಮಾಮೂಲಿ ಸೋಪಿಗೆ ಹೆಚ್ಚಿನವರಿಗೆ ಬೇಡ. ಮುಖದ ಕ್ರೀಮಿಗೆ ಸೀಟೈಲ್ ಆಲ್ಕೋಹಾಲ್ ಅನ್ನುವ ಇನ್ನೊಂದು ಬಿಳಿ ಚಕ್ಕೆ ವಾಸಿ. ತಿನ್ನುವುದಕ್ಕಂತೂ ಚಕ್ಕೆಯಾಗಿ ಕೊಳ್ಳುವ ಪ್ರಶ್ನೆಯೇ ಇಲ್ಲ. ಅಲ್ಲಿ ನೋಡಬೇಕಾದದ್ದು ಯಾವ ಕೊಬ್ಬಿನಲ್ಲಿ ಎಷ್ಟಿದೆ ಅನ್ನುವುದನ್ನು.

ಯಾವ ದರ್ಜೆ ಅಂತ ಕೇಳದೆ ಕೊಳ್ಳಬೇಡಿ

ಅಂಗಡಿಯಲ್ಲಿ ಸ್ಟಿಯರಿಕ್ ಆಸಿಡ್ ಅಂತ ಮಾರುವುದರಲ್ಲಿ ಹೆಚ್ಚಿನದು ಬರೀ ಸ್ಟಿಯರಿಕ್ ಅಲ್ಲ. ಟ್ರಿಪಲ್ ಪ್ರೆಸ್ಡ್ ಅನ್ನುವ ಮಾಮೂಲಿ ಒಳ್ಳೆಯ ದರ್ಜೆಯಲ್ಲಿ ಸುಮಾರು 45 ಭಾಗ ಸ್ಟಿಯರಿಕ್, 55 ಭಾಗ ಪಾಲ್ಮಿಟಿಕ್ ಇರುತ್ತದೆ. ಪಾಲ್ಮಿಟಿಕ್ ಅಂದರೆ 16 ಕಾರ್ಬನ್‌ನ ತಮ್ಮ. ಇದು ಕಲಬೆರಕೆ ಅಂತ ಜಗಳಕ್ಕೆ ಹೋಗಬೇಡಿ, ವ್ಯಾಪಾರದಲ್ಲಿ ಮೊದಲಿನಿಂದಲೂ ಇರುವ ಲೆಕ್ಕ ಇದೇ. ಅಮೆರಿಕದ ಔಷಧ ಮಾನದಂಡವೇ ಸ್ಟಿಯರಿಕ್ 40 ಶೇಕಡಕ್ಕಿಂತ ಕಡಿಮೆ ಇರಬಾರದು, ಎರಡೂ ಸೇರಿ 90ಕ್ಕಿಂತ ಕಡಿಮೆ ಇರಬಾರದು ಅನ್ನುತ್ತದೆ, ಅಷ್ಟೇ.

ಒಂದು ಮಜಾ ಇದೆ. ಶುದ್ಧ ಸ್ಟಿಯರಿಕ್ 69ಕ್ಕೆ ಕರಗುತ್ತದೆ, ಶುದ್ಧ ಪಾಲ್ಮಿಟಿಕ್ 63ಕ್ಕೆ. ಎರಡನ್ನೂ ಹತ್ತಿರಹತ್ತಿರ ಸಮಸಮ ಬೆರೆಸಿದರೆ ಎರಡಕ್ಕಿಂತಲೂ ಕೆಳಗೆ, ಸುಮಾರು 55ಕ್ಕೇ ಕರಗುತ್ತದೆ. ಹಾಗಾಗಿ ಮನೆಯಲ್ಲಿ ಥರ್ಮಾಮೀಟರ್ ಇದ್ದರೆ ನಿಮ್ಮ ಚಕ್ಕೆ ಯಾವ ಜಾತಿಯದು ಅಂತ ಒಲೆಯ ಮುಂದೆಯೇ ಗೊತ್ತಾಗುತ್ತದೆ. 'ತೊಂಬತ್ತೈದು ಪರ್ಸೆಂಟ್ ಶುದ್ಧ' ಅಂತ ದುಬಾರಿ ಬೆಲೆ ಕೊಟ್ಟು ತಂದದ್ದು 55-56ಕ್ಕೆ ನೀರಾದರೆ, ಅಂಗಡಿಯವನನ್ನು ಒಂದು ಮಾತು ಕೇಳಬಹುದು.

ಸಿಂಗಲ್, ಡಬಲ್, ಟ್ರಿಪಲ್ ಪ್ರೆಸ್ಡ್ ಅನ್ನುವ ಹೆಸರು ಬಂದದ್ದು ಹಿಂದೆ ಕೊಬ್ಬಿನಿಂದ ಬಂದ ಆಮ್ಲಗಳನ್ನು ಬಟ್ಟೆಯಲ್ಲಿ ಕಟ್ಟಿ ಒತ್ತಿ ಒತ್ತಿ ಎಣ್ಣೆಯ ಭಾಗವನ್ನು ಹೊರಗೆ ಹಿಂಡುತ್ತಿದ್ದುದರಿಂದ. ಮೂರು ಸಲ ಹಿಂಡಿದ್ದು ಹೆಚ್ಚು ಬಿಳಿ, ಹೆಚ್ಚು ಗಟ್ಟಿ. ಈಗ ಕಾರ್ಖಾನೆಗಳಲ್ಲಿ ಬೇರೆ ವಿಧಾನಗಳಿವೆ, ಹೆಸರು ಮಾತ್ರ ಉಳಿದಿದೆ. ರಬ್ಬರ್ ಗ್ರೇಡ್ ಅಂತ ಇನ್ನೊಂದು ಅಗ್ಗದ ಮಾಲು ಸಿಗುತ್ತದೆ. ಟಯರ್, ಹವಾಯಿ ಚಪ್ಪಲಿಯಂಥ ರಬ್ಬರ್ ಸಾಮಾನು ಮಾಡುವಾಗ ಜಿಂಕ್ ಆಕ್ಸೈಡ್ ಜೊತೆ ಸೇರಿಸುವುದು ಅದನ್ನೇ. ಬಣ್ಣ ಸ್ವಲ್ಪ ಹಳದಿ, ಓಲಿಕ್ ಉಳಿದಿರುವುದರಿಂದ ಕೈಗೆ ಜಿಡ್ಡು, ಇಟ್ಟಷ್ಟೂ ವಾಸನೆ. ಮೈಗೆ ಹಚ್ಚುವ ಯಾವುದಕ್ಕೂ ಅದು ಬೇಡ, ಬೆಲೆ ಎಷ್ಟೇ ಕಡಿಮೆ ಇದ್ದರೂ. ಚಕ್ಕೆ ಒಣಗಿ ಗರಿಗರಿಯಾಗಿ ಮುರಿಯಬೇಕು, ಬಿಳಿಯಾಗಿರಬೇಕು.

ಇನ್ನೊಂದು ಪ್ರಶ್ನೆ, ಸಸ್ಯದ್ದೋ ಪ್ರಾಣಿಯದ್ದೋ ಅನ್ನುವುದು. ಅಣು ಒಂದೇ, ನೋಡಿ ಹೇಳಲು ಬರುವುದಿಲ್ಲ, ಕೆಲಸದಲ್ಲೂ ವ್ಯತ್ಯಾಸ ಇಲ್ಲ. ಆದರೆ ಕೊಳ್ಳುವವರ ಮನಸ್ಸಿಗೆ ಬಹಳ ವ್ಯತ್ಯಾಸ ಇದೆ. ದೇವರ ಮುಂದೆ ಹಚ್ಚುವ ಬತ್ತಿ, ಸಸ್ಯಾಹಾರಿಗಳಿಗೆ ಮಾರುವ ಸೋಪು ಅಂದ ಮೇಲೆ ಕೇಳಲೇಬೇಕು. ತಾಳೆ ಎಣ್ಣೆ ಮೂಲದ್ದು ಬೇಕಾದಷ್ಟು ಸಿಗುತ್ತದೆ, ಪ್ಯಾಕೆಟ್ ಮೇಲೆ ಇಲ್ಲದಿದ್ದರೆ ಬರೆದು ಕೊಡಿ ಅನ್ನಿ. ಬಾಯಿಮಾತು ಸಾಲದು.

ಮೇಣದಬತ್ತಿ: ಹಾಕಿ, ಆದರೆ ಅಚ್ಚು ನೋಡಿ ಹಾಕಿ

ಇದರ ಹುಟ್ಟು ಕೆಲಸವೇ ಇದು. ಫ್ರಾನ್ಸಿನ ರಸಾಯನ ವಿಜ್ಞಾನಿ ಶೆವ್ರೊಲ್ ಕೊಬ್ಬನ್ನು ಬಿಡಿಸಿ ಒಳಗಿನ ಆಮ್ಲಗಳನ್ನು ಬೇರೆ ಮಾಡಿ 1823ರಲ್ಲಿ ದೊಡ್ಡ ಗ್ರಂಥ ಬರೆದ. ಎರಡು ವರ್ಷದ ನಂತರ, 1825ರಲ್ಲಿ, ಇನ್ನೊಬ್ಬ ವಿಜ್ಞಾನಿ ಗೇ-ಲುಸಾಕ್ ಜೊತೆ ಸೇರಿ ಈ ಆಮ್ಲಗಳಿಂದ ಮೇಣದಬತ್ತಿ ಮಾಡುವುದಕ್ಕೆ ಪೇಟೆಂಟ್ ತೆಗೆದುಕೊಂಡ. ಅಲ್ಲಿಯವರೆಗೆ ಬಡವರ ಮನೆಯಲ್ಲಿ ಉರಿಯುತ್ತಿದ್ದದ್ದು ಹಸಿ ಕೊಬ್ಬಿನ ಬತ್ತಿ. ಹೊಗೆ, ನಾತ, ಸೆಕೆಗೆ ಮೆತ್ತಗಾಗಿ ಬಾಗುವುದು, ಎಲ್ಲ ಇತ್ತು. ಜೇನುಮೇಣ ಚರ್ಚಿಗೂ ಶ್ರೀಮಂತರಿಗೂ. ನಡುವೆ ಬಂದದ್ದು ಸ್ಟಿಯರಿಕ್. ಸ್ವೀಡನ್ನಿನಲ್ಲಿ ಇವತ್ತಿಗೂ ಮೇಣದಬತ್ತಿಗೆ ಸ್ಟಿಯರಿನ್ ಬತ್ತಿ ಅಂತಲೇ ಜನ ಕರೆಯುತ್ತಾರೆ.

ನಮ್ಮಲ್ಲಿ ಹೆಚ್ಚಾಗಿ ಪ್ಯಾರಾಫಿನ್ ಮೇಣ. ಅದಕ್ಕೆ ಸ್ಟಿಯರಿಕ್ ಬೆರಕೆ. ಒಂದು ಕಿಲೋ ಪ್ಯಾರಾಫಿನ್‌ಗೆ 50ರಿಂದ 100 ಗ್ರಾಂ ಹಾಕಿದರೆ ಮೂರು ಲಾಭ. ಬತ್ತಿ ಗಾಜಿನಂತೆ ಮಂಕಾಗಿ ಕಾಣುವ ಬದಲು ಹಾಲುಬಿಳಿ ಬರುತ್ತದೆ. ಬಣ್ಣ ಚೆನ್ನಾಗಿ ಹಿಡಿಯುತ್ತದೆ. ತಣಿಯುವಾಗ ಕುಗ್ಗಿ ಅಚ್ಚಿನಿಂದ ತಾನಾಗಿ ಬಿಡಿಸಿಕೊಳ್ಳುತ್ತದೆ. ನಾಲ್ಕನೆಯದು ನಮ್ಮ ಕಲಬುರಗಿ, ರಾಯಚೂರು ಕಡೆಯವರಿಗೆ ಮುಖ್ಯ: ಏಪ್ರಿಲ್-ಮೇ ಬಿಸಿಲಿಗೆ ಹೊರಗೆ 40 ಡಿಗ್ರಿ ದಾಟಿದಾಗ ಬರೀ ಪ್ಯಾರಾಫಿನ್‌ನ ಉದ್ದ ಬತ್ತಿ ಕಪಾಟಿನಲ್ಲಿ ನಿಂತಲ್ಲೇ ತಲೆ ಬಗ್ಗಿಸುತ್ತದೆ, ಸ್ಟಿಯರಿಕ್ ಇದ್ದರೆ ಅಷ್ಟು ಸುಲಭಕ್ಕೆ ಬಾಗುವುದಿಲ್ಲ.

ಹಾಕುವ ಕ್ರಮಕ್ಕೂ ಅರ್ಥ ಇದೆ. ಮೊದಲು ಸ್ಟಿಯರಿಕ್ ಒಂದನ್ನೇ ಕರಗಿಸಿ. ನೇರ ಒಲೆ ಮೇಲೆ ಬೇಡ, ಕುದಿಯುವ ನೀರಿನ ಪಾತ್ರೆಯಲ್ಲಿ ಇನ್ನೊಂದು ಪಾತ್ರೆ ಇಟ್ಟು. ಅದರಲ್ಲಿ ಮೇಣದ ಬಣ್ಣ ಹಾಕಿ ಪೂರ್ತಿ ಕರಗುವ ತನಕ ಕಲಕಿ, ಆಮೇಲೆ ಪ್ಯಾರಾಫಿನ್ ಸೇರಿಸಿ. ಉಲ್ಟಾ ಮಾಡಿದರೆ ಬಣ್ಣ ಚುಕ್ಕೆ ಚುಕ್ಕೆಯಾಗಿ ತಳದಲ್ಲಿ ಕೂರುತ್ತದೆ.

ಈಗ ಎಲ್ಲಿ ಬೇಡ ಅನ್ನುವುದು. ಲ್ಯಾಟೆಕ್ಸ್ ಅಚ್ಚು ಇದ್ದರೆ ಬೇಡ, ಸ್ಟಿಯರಿಕ್ ಆ ರಬ್ಬರನ್ನು ಹಾಳು ಮಾಡುತ್ತದೆ, ಸೂಕ್ಷ್ಮ ಕೆತ್ತನೆಯ ದುಬಾರಿ ಅಚ್ಚು ಬೇಗ ಸವೆದು ಹರಿಯುತ್ತದೆ. ಅಂಥ ಅಚ್ಚಿಗೆ ವೈಬಾರ್ ಅನ್ನುವ ಪಾಲಿಮರ್ ಸಿಗುತ್ತದೆ, ಚಿಟಿಕೆಯಷ್ಟು ಸಾಕು. ತಾಮ್ರ, ಹಿತ್ತಾಳೆ ಪಾತ್ರೆಯಲ್ಲೂ ಕರಗಿಸಬೇಡಿ. ಮೆಲ್ಲಗಿನ ಆಸಿಡ್ ಆದರೂ ಆಸಿಡ್ಡೇ, ತಾಮ್ರದ ಜೊತೆ ಸೇರಿ ಹಸಿರು ಬಣ್ಣ ಬಿಡುತ್ತದೆ. ಅಜ್ಜಿಯ ಕಾಲದ ಹಿತ್ತಾಳೆ ಅಚ್ಚಿನಲ್ಲಿ ಬಿಳಿ ಬತ್ತಿ ಎರೆಯಬೇಕು ಅನ್ನುವ ಆಸೆ ಇದ್ದರೂ, ಸ್ಟಿಯರಿಕ್ ಹಾಕಿದ ಬತ್ತಿಗೆ ಆ ಅಚ್ಚು ಬೇಡ. ಅಲ್ಯೂಮಿನಿಯಂ, ಸ್ಟೀಲ್ ಪರವಾಗಿಲ್ಲ. ಗಾಜಿನ ಲೋಟದಲ್ಲಿ ಎರೆಯುವ ಬತ್ತಿಗೆ ಸುಮ್ನೆ ಖರ್ಚು. ಅಲ್ಲಿ ಮೇಣ ಗಾಜಿಗೆ ಅಂಟಿಕೊಳ್ಳಬೇಕು, ಇದು ಬಿಡಿಸುವ ಕೆಲಸ ಮಾಡುತ್ತದೆ.

ಜೇನುಮೇಣದ ಜೊತೆ ಹೋಲಿಸಿದರೆ? ಜೇನುಮೇಣ ಸುಮಾರು 62-64 ಡಿಗ್ರಿಗೆ ಕರಗುತ್ತದೆ, ತನ್ನದೇ ಪರಿಮಳ ಇದೆ, ಬೇರೇನೂ ಸೇರಿಸದೆ ಒಳ್ಳೆಯ ಬತ್ತಿ ಆಗುತ್ತದೆ. ಆದರೆ ಅಚ್ಚಿಗೆ ಅಂಟುತ್ತದೆ, ಬೆಲೆ ಜಾಸ್ತಿ, ಮಾರುಕಟ್ಟೆಯಲ್ಲಿ ಪ್ಯಾರಾಫಿನ್ ಬೆರೆತದ್ದು ಬರುವ ಸಾಧ್ಯತೆ ಯಾವಾಗಲೂ ಇದೆ. ಉಡುಗೊರೆ ಬತ್ತಿಗೆ ಜೇನುಮೇಣ, ದಿನಬಳಕೆಗೂ ಮಾರಾಟಕ್ಕೂ ಪ್ಯಾರಾಫಿನ್ ಜೊತೆ ಸ್ಟಿಯರಿಕ್. ನಾನಾದರೆ ಹೀಗೆ ಹಂಚುತ್ತೇನೆ.

ಸೋಪು: ಇಲ್ಲೇ ಜನ ಎಡವುವುದು

ಸೋಪಿನ ಲೆಕ್ಕ ಹೀಗೆ. ಎಣ್ಣೆಯ ಆಮ್ಲಗಳು ಕಾಸ್ಟಿಕ್ ಸೋಡಾ ಜೊತೆ ಸೇರಿದರೆ ಸೋಪು. ತೆಂಗಿನೆಣ್ಣೆಯಲ್ಲಿ ಅರ್ಧದಷ್ಟು ಲಾರಿಕ್ ಆಸಿಡ್, 12 ಕಾರ್ಬನ್‌ನದ್ದು. ಅದು ದೊಡ್ಡ ಗುಳ್ಳೆಯ ನೊರೆ ಕೊಡುತ್ತದೆ, ಕೊಳೆಯನ್ನು ಚೆನ್ನಾಗಿ ತೆಗೆಯುತ್ತದೆ, ಜಾಸ್ತಿ ಆದರೆ ಚರ್ಮ ಒಣಗಿ ಬಿಗಿಯುತ್ತದೆ. ಪಾಲ್ಮಿಟಿಕ್, ಸ್ಟಿಯರಿಕ್ ಗಟ್ಟಿತನ ಕೊಡುತ್ತವೆ, ನೊರೆ ಕಡಿಮೆ ಆದರೂ ದಪ್ಪ, ಕೆನೆಯಂತೆ ನಿಲ್ಲುತ್ತದೆ. ಓಲಿಕ್ ಮೃದು. ಒಳ್ಳೆಯ ಸೋಪು ಅಂದರೆ ಇವುಗಳ ಹದ.

ಸೋಪು ಮೆತ್ತಗಾಗುತ್ತಿದೆ, ಸೋಪಿನ ಡಬ್ಬಿಯಲ್ಲಿ ಲೋಳೆಯಾಗುತ್ತಿದೆ ಅಂತ ಸ್ಟಿಯರಿಕ್ ಚಕ್ಕೆ ತರಲು ಓಡುವವರು ತುಂಬಾ. ಅದಕ್ಕಿಂತ ಮೊದಲು ಕೇಳಿಕೊಳ್ಳಿ: ಎಷ್ಟು ದಿನ ಒಣಗಿಸಿದಿರಿ? ನಾಲ್ಕರಿಂದ ಆರು ವಾರ ಗಾಳಿಗೆ ಇಟ್ಟರೆ ಅರ್ಧ ಸಮಸ್ಯೆ ತಾನೇ ಹೋಗುತ್ತದೆ, ಮಳೆಗಾಲದ ಮಲೆನಾಡಾದರೆ ಇನ್ನೂ ಜಾಸ್ತಿ ದಿನ. ಆಮೇಲೂ ಮೆತ್ತಗಿದ್ದರೆ ಎಣ್ಣೆಯ ಪಾಲು ಬದಲಿಸಿ, ತಾಳೆ ಎಣ್ಣೆಯೋ ಮುರುಗಲು ತುಪ್ಪವೋ ಸೇರಿಸಿ. ಅವುಗಳಲ್ಲಿ ಗಟ್ಟಿ ಆಮ್ಲಗಳು ಗ್ಲಿಸರಿನ್ ಜೊತೆ ಕಟ್ಟಿಕೊಂಡಿರುತ್ತವೆ, ಕಾಸ್ಟಿಕ್ ಸೋಡಾ ಜೊತೆ ನಿಧಾನವಾಗಿ ಸೇರುತ್ತವೆ, ನಿಮಗೆ ಕಲಕಲು ಸಮಯ ಸಿಗುತ್ತದೆ.

ಬಿಡಿ ಸ್ಟಿಯರಿಕ್‌ಗೆ ಆ ತಾಳ್ಮೆ ಇಲ್ಲ. ಕಾಸ್ಟಿಕ್ ನೀರು ಮುಟ್ಟಿದ ತಕ್ಷಣ ಸೋಪಾಗುತ್ತದೆ. ಒಲೆಯ ಮೇಲೆ ಬೇಯಿಸದೆ ಮಾಡುವ ತಣ್ಣಗಿನ ವಿಧಾನದಲ್ಲಿ ಎಣ್ಣೆ 40 ಡಿಗ್ರಿಯಲ್ಲಿದ್ದರೆ ಕರಗಿದ ಸ್ಟಿಯರಿಕ್ ಅಲ್ಲೇ ಚೂರುಚೂರಾಗಿ ಗಟ್ಟಿಯಾಗುತ್ತದೆ, ಮೇಲೆ ಕಾಸ್ಟಿಕ್ ಬಿದ್ದರೆ ಪಾತ್ರೆಯಲ್ಲಿ ಬಿಳಿ ಗಂಟುಗಳು, ಸುತ್ತ ಎಣ್ಣೆ. ಬ್ಲೆಂಡರ್ ತಿರುಗುವುದೇ ನಿಂತುಹೋಗುತ್ತದೆ. ಹಾಕಲೇಬೇಕಾದರೆ ಒಟ್ಟು ಎಣ್ಣೆಯ ನೂರಕ್ಕೆ ಎರಡು-ಮೂರು ಭಾಗ ಸಾಕು, ಬೇಯಿಸಿ ಮಾಡುವ ಬಿಸಿ ವಿಧಾನದಲ್ಲಿ, ಎಲ್ಲವೂ 70 ಡಿಗ್ರಿ ದಾಟಿದ ಮೇಲೆ.

ಶೇವಿಂಗ್ ಸೋಪಿನ ಕತೆ ಬೇರೆ. ಅಲ್ಲಿ ಅರ್ಧಕ್ಕರ್ಧ ಸ್ಟಿಯರಿಕ್ ಇದ್ದರೇ ಚೆಂದ. ಬ್ರಷ್‌ನಲ್ಲಿ ತಿರುಗಿಸಿದಾಗ ಏಳುವ, ಕೆನ್ನೆ ಮೇಲೆ ಐದು ನಿಮಿಷ ಕೂತರೂ ಇಳಿಯದ ಆ ದಪ್ಪ ನೊರೆ ಬರುವುದು ಇದರಿಂದಲೇ. ಬರೀ ಕಾಸ್ಟಿಕ್ ಸೋಡಾ ಹಾಕಿದರೆ ಕಲ್ಲಾಗುತ್ತದೆ, ಅದಕ್ಕೆ ಹೆಚ್ಚಿನ ಪಾಲು ಕಾಸ್ಟಿಕ್ ಪೊಟ್ಯಾಶ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಗೊಬ್ಬರದ ಪೊಟ್ಯಾಶ್ ಅಲ್ಲ) ಬಳಸುತ್ತಾರೆ, ಜೊತೆಗೆ ಸ್ವಲ್ಪ ತೆಂಗಿನೆಣ್ಣೆ, ಗ್ಲಿಸರಿನ್.

ಇಲ್ಲಿ ದರ್ಜೆಯ ವಿಷಯ ಮತ್ತೆ ಬರುತ್ತದೆ, ಲೆಕ್ಕದ ರೂಪದಲ್ಲಿ. ಶುದ್ಧ ಸ್ಟಿಯರಿಕ್ 500 ಗ್ರಾಂಗೆ ಪೊಟ್ಯಾಶ್ ಬೇಕಾಗುವುದು ಸುಮಾರು 98.5 ಗ್ರಾಂ. ಪಾಲ್ಮಿಟಿಕ್ ಬೆರೆತ ಟ್ರಿಪಲ್ ಪ್ರೆಸ್ಡ್ ಆದರೆ ಸುಮಾರು 104 ಗ್ರಾಂ. ಚಿಕ್ಕ ಸರಪಳಿ ಅಂದರೆ ಅದೇ ತೂಕದಲ್ಲಿ ಜಾಸ್ತಿ ಅಣುಗಳು, ಅದಕ್ಕೆ. ಹಾಗಾಗಿ ಮಾರುವವರ ಹತ್ತಿರ ಆಸಿಡ್ ವ್ಯಾಲ್ಯೂ ಎಷ್ಟು ಅಂತ ಕೇಳಿ. 208 ಅಂದರೆ ಒಂದು ಗ್ರಾಂಗೆ 0.208 ಗ್ರಾಂ ಪೊಟ್ಯಾಶ್. ಅದನ್ನು 1.403ರಿಂದ ಭಾಗಿಸಿದರೆ ಕಾಸ್ಟಿಕ್ ಸೋಡಾದ ಲೆಕ್ಕ, ಸುಮಾರು 0.148. ಇಷ್ಟು ಗೊತ್ತಿದ್ದರೆ ಇಂಟರ್ನೆಟ್ಟಿನ ಸೋಪ್ ಕ್ಯಾಲ್ಕ್ಯುಲೇಟರನ್ನು ಕಣ್ಣುಮುಚ್ಚಿ ನಂಬಬೇಕಿಲ್ಲ, ಅವುಗಳಲ್ಲಿ ಯಾವ ಸ್ಟಿಯರಿಕ್ ಇಟ್ಟುಕೊಂಡಿದ್ದಾರೆ ಅಂತ ನಮಗೇನು ಗೊತ್ತು? ನೆನಪಿಡಿ, ಅಂಗಡಿಯ ಪೊಟ್ಯಾಶ್ ಪೂರ್ತಿ ನೂರಕ್ಕೆ ನೂರು ಶುದ್ಧ ಇರುವುದಿಲ್ಲ, ತೇವ ಹೀರಿಕೊಂಡಿರುತ್ತದೆ, ಆ ಶೇಕಡವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕಾಸ್ಟಿಕ್ ಯಾವುದೇ ಆಗಲಿ, ಅದನ್ನು ನೀರಿಗೆ ಹಾಕಬೇಕು, ನೀರನ್ನು ಅದರ ಮೇಲೆ ಸುರಿಯಬಾರದು. ಕೈಗವಸು, ಕನ್ನಡಕ ಬೇಕಾಗುವುದು ಇದಕ್ಕೆ, ಸ್ಟಿಯರಿಕ್‌ಗೆ ಅಲ್ಲ.

ಸೋಪು ಮಾಡುವುದಿಲ್ಲ, ಕೊಳ್ಳುತ್ತೀರಿ ಅನ್ನುವುದಾದರೆ ಪೊಟ್ಟಣದ ಹಿಂದೆ ಟಿಎಫ್‌ಎಂ ನೋಡಿ, ಅಂದರೆ ಒಟ್ಟು ಕೊಬ್ಬಿನ ಅಂಶ. ನಮ್ಮ ಮಾನದಂಡದಲ್ಲಿ 76 ಅಥವಾ ಮೇಲಿದ್ದರೆ ಮೊದಲ ದರ್ಜೆ, 70 ಎರಡನೆಯದು, 60 ಮೂರನೆಯದು. 1916ರಲ್ಲಿ ಬೆಂಗಳೂರಿನ ಸರ್ಕಾರಿ ಕಾರ್ಖಾನೆಯಲ್ಲಿ ಶುರುವಾದ ಮೈಸೂರು ಸ್ಯಾಂಡಲ್ ಮೊದಲ ದರ್ಜೆಯದು. ಆದರೆ ಟಿಎಫ್‌ಎಂ ಒಟ್ಟು ಎಷ್ಟು ಅಂತ ಹೇಳುತ್ತದೆ, ಅದರಲ್ಲಿ ಲಾರಿಕ್ ಎಷ್ಟು ಸ್ಟಿಯರಿಕ್ ಎಷ್ಟು ಅಂತ ಹೇಳುವುದಿಲ್ಲ.

ಬೋರ್‌ವೆಲ್ ನೀರಿನ ಮನೆಯವರಿಗೆ ಒಂದು ಮಾತು. ಬಕೆಟ್ಟಿನ ಒಳಗೆ ಉಂಗುರದಂತೆ ಕೂರುವ, ಉಜ್ಜಿದರೂ ಹೋಗದ ಬಿಳಿ ಪದರ ಇದೆಯಲ್ಲ, ಅದರಲ್ಲಿ ಇರುವುದು ಹೆಚ್ಚಾಗಿ ಸ್ಟಿಯರಿಕ್ ಮತ್ತು ಪಾಲ್ಮಿಟಿಕ್‌ಗಳೇ, ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಜೊತೆ ಕಟ್ಟಿಕೊಂಡು ಕರಗದ ರೂಪಕ್ಕೆ ಬಂದವು. ಗಟ್ಟಿ ಸೋಪು ಬಳಸಿದಷ್ಟೂ ಆ ಪದರ ಜಾಸ್ತಿ. ಅಂಥ ಮನೆಗೆ ತೆಂಗಿನೆಣ್ಣೆ ಪಾಲು ಹೆಚ್ಚಿರುವ ಸೋಪು ವಾಸಿ, ಡಿಟರ್ಜೆಂಟ್ ಜಾತಿಯ ಬಾಡಿವಾಶ್ ಇನ್ನೂ ವಾಸಿ. ಬಕೆಟ್ಟಿಗೆ ವಿನೆಗರ್ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ತಿಕ್ಕಿ.

ಕ್ರೀಮು: ಕಾಲಿಗೆ ಹೌದು, ಮುಖಕ್ಕೆ ಯೋಚಿಸಿ

ಹಿಂದಿನವರ ಬಾಯಲ್ಲಿ 'ಸ್ನೋ ಪೌಡರ್' ಅನ್ನುವ ಮಾತು ಇತ್ತಲ್ಲ, ಆ ಸ್ನೋ ಅಂದರೆ ಸ್ಟಿಯರಿಕ್ ಆಸಿಡ್‌ನ ಆಟವೇ. ಮುಂಬಯಿಯಲ್ಲಿ 1919ರಲ್ಲಿ ಬಂದ ಅಫ್ಘಾನ್ ಸ್ನೋ ಆ ಕಾಲದ ದೊಡ್ಡ ಹೆಸರು. ಹಚ್ಚಿದ ತಕ್ಷಣ ಬೆಳ್ಳಗೆ ಕಾಣುತ್ತದೆ, ಉಜ್ಜಿದರೆ ಮಾಯ, ಜಿಡ್ಡಿಲ್ಲ, ಮೇಲೆ ಪೌಡರ್ ಚೆನ್ನಾಗಿ ಕೂರುತ್ತದೆ. ವ್ಯಾನಿಶಿಂಗ್ ಕ್ರೀಮ್ ಅನ್ನುವುದೂ ಇದನ್ನೇ.

ಮಾಡುವುದು ಕಷ್ಟವಿಲ್ಲ. ನೂರು ಗ್ರಾಂ ಕ್ರೀಮಿಗೆ 20 ಗ್ರಾಂ ಸ್ಟಿಯರಿಕ್, ಎಂಟು ಗ್ರಾಂ ಗ್ಲಿಸರಿನ್, ಒಂದು ಗ್ರಾಂಗಿಂತ ತುಸು ಕಡಿಮೆ ಕಾಸ್ಟಿಕ್ ಪೊಟ್ಯಾಶ್, ಉಳಿದದ್ದು ನೀರು ಮತ್ತು ಪ್ರಿಸರ್ವೇಟಿವ್. 20 ಗ್ರಾಂ ಸ್ಟಿಯರಿಕ್ ಪೂರ್ತಿ ಸೋಪಾಗಲು ನಾಲ್ಕು ಗ್ರಾಂ ಮೇಲೆ ಪೊಟ್ಯಾಶ್ ಬೇಕು. ನಾವು ಹಾಕಿದ್ದು ಅದರ ಕಾಲು ಭಾಗಕ್ಕಿಂತ ಕಡಿಮೆ. ಅಂದರೆ ಸ್ವಲ್ಪ ಸ್ಟಿಯರಿಕ್ ಮಾತ್ರ ಸೋಪಾಗಿ, ಉಳಿದ ಸ್ಟಿಯರಿಕ್ ಅನ್ನು ನೀರಿನಲ್ಲಿ ಹಿಡಿದು ನಿಲ್ಲಿಸುತ್ತದೆ. ಎರಡೂ ಪಾತ್ರೆ 70-75 ಡಿಗ್ರಿಯಲ್ಲಿರಬೇಕು, ಆಮೇಲೆ ಸುರಿದು, ತಣಿಯುವ ತನಕ ಮೆಲ್ಲಗೆ ಕಲಕಬೇಕು. ರಾತ್ರಿ ಬಿಟ್ಟರೆ ಬೆಳಗ್ಗೆ ಮೇಲ್ಮೈಯಲ್ಲಿ ಮುತ್ತಿನ ಹೊಳಪು ಕಾಣುತ್ತದೆ. ಸ್ಟಿಯರಿಕ್‌ನ ಸಣ್ಣ ಹರಳುಗಳು ಬೆಳಕನ್ನು ಹಿಂದಕ್ಕೆ ಕೊಡುವುದು ಅದು, ಬೇರೇನೂ ಬೆರೆಸಿದ್ದಲ್ಲ. ನೀರು ಮಾತ್ರ ಬಟ್ಟಿ ಇಳಿಸಿದ್ದೇ ಬೇಕು. ಗಡಸು ನೀರು ಹಾಕಿದರೆ ಬಕೆಟ್ಟಿನಲ್ಲಿ ಆದದ್ದೇ ಕ್ರೀಮಿನಲ್ಲೂ ಆಗುತ್ತದೆ, ಒಡೆದು ನೀರು ಬಿಡುತ್ತದೆ.

ಮತ್ತೆ ಮುಖಕ್ಕೆ ಯಾಕೆ ಬೇಡ ಅನ್ನುತ್ತೇನೆ? ಸೋಪು ಸೇರಿರುವ ಕ್ರೀಮು, ಪಿಎಚ್ (ಆಮ್ಲ-ಕ್ಷಾರದ ಅಳತೆ) ಎಂಟರ ಆಸುಪಾಸು. ಚರ್ಮದ್ದು ಐದು ಐದೂವರೆ. ಎಣ್ಣೆ ಚರ್ಮದವರಿಗೆ ನಡೆದೀತು, ಒಣ ಚರ್ಮಕ್ಕೆ ದಿನಾ ಹಚ್ಚಿದರೆ ಬಿಗಿತ. ಇನ್ನೊಂದು ತೊಂದರೆ, ಇದರಲ್ಲಿ ವಿಟಮಿನ್ ಸಿ, ಸ್ಯಾಲಿಸಿಲಿಕ್ ಆಸಿಡ್ ತರಹದ್ದನ್ನು ಸೇರಿಸಲು ಹೋದರೆ ಸೋಪು ಮತ್ತೆ ಕೊಬ್ಬಾಗಿ ತಿರುಗಿ ಕ್ರೀಮು ಒಡೆಯುತ್ತದೆ.

ಸೀಟೈಲ್ ಆಲ್ಕೋಹಾಲ್‌ಗೆ ಈ ತಕರಾರು ಯಾವುದೂ ಇಲ್ಲ. ಹೆಸರಲ್ಲಿ ಆಲ್ಕೋಹಾಲ್ ಇದ್ದರೂ ಅದೂ ಬಿಳಿ ಮೇಣದಂಥ ಚಕ್ಕೆಯೇ, ಸುಮಾರು 49 ಡಿಗ್ರಿಗೆ ಕರಗುತ್ತದೆ, ಪಿಎಚ್ ಏನಿದ್ದರೂ ಹೆದರುವುದಿಲ್ಲ, ಕೈಗೆ ರೇಷ್ಮೆಯ ನಯ. ಸ್ಟಿಯರಿಕ್ ಹಚ್ಚುವಾಗ ಸ್ವಲ್ಪ ಎಳೆದಂತಾಗುತ್ತದೆ, ಬೆಳ್ಳಗೆ ನೊರೆಯೇಳುತ್ತದೆ, ಇದರಲ್ಲಿ ಅದು ಕಡಿಮೆ. ಒಂದೇ ಕೊರತೆ, ತಾನೊಬ್ಬನೇ ಎಣ್ಣೆ-ನೀರನ್ನು ಕೂಡಿಸಲಾರದು, ಎಮಲ್ಸಿಫೈಯಿಂಗ್ ವ್ಯಾಕ್ಸ್ ಬೇಕೇ ಬೇಕು. ಮುಖದ ಲೋಷನ್‌ಗೆ ಎಮಲ್ಸಿಫೈಯಿಂಗ್ ವ್ಯಾಕ್ಸ್ ಜೊತೆ ಎರಡು-ಮೂರು ಶೇಕಡ ಸೀಟೈಲ್ ಹಾಕಿ, ಸ್ಟಿಯರಿಕ್ ಮರೆತುಬಿಡಿ.

ಹಿಮ್ಮಡಿ ಒಡೆದವರಿಗೆ, ಗದ್ದೆಯಲ್ಲಿ ಕೆಲಸ ಮಾಡುವವರಿಗೆ ಬೇಕಾದದ್ದು ಬೇರೆ. ಗಟ್ಟಿಯಾಗಿ ಕೂರಬೇಕು, ಬೇಗ ಒರೆಸಿ ಹೋಗಬಾರದು. ಇಲ್ಲಿ ಸ್ಟಿಯರಿಕ್ ಸರಿ. ಆದರೆ ಉತ್ತರ ಕನ್ನಡದವರು ಈ ಪ್ರಶ್ನೆಗೆ ಉತ್ತರ ಎಂದೋ ಕಂಡುಕೊಂಡಿದ್ದಾರೆ, ಮುರುಗಲು ತುಪ್ಪ. ದಕ್ಷಿಣ ಕನ್ನಡದಲ್ಲಿ ಪುನರ್ಪುಳಿ ಅನ್ನುವುದು ಇದೇ ಹಣ್ಣಿಗೆ. ಸಿಪ್ಪೆ ಶರಬತ್ತಿಗೆ, ಸಾರಿಗೆ ಹೋಗುತ್ತದೆ. ಉಳಿದ ಬೀಜ ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸಿದರೆ ಕೊಬ್ಬು ಮೇಲೆ ತೇಲುತ್ತದೆ. ಅದನ್ನು ತೆಗೆದು ತಣಿಸಿದರೆ ಗಟ್ಟಿ ಉಂಡೆ, ಮಾಸಲು ಬಿಳಿ, ಉಗುರಿನಲ್ಲಿ ಕೆರೆದರೆ ಪುಡಿಯಾಗಿ ಬರುತ್ತದೆ. ಅದರ ಕೊಬ್ಬಿನ ಆಮ್ಲಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸ್ಟಿಯರಿಕ್, ಉಳಿದದ್ದು ಬಹುಪಾಲು ಓಲಿಕ್. ಕರಗುವುದು 40 ಡಿಗ್ರಿ ಆಸುಪಾಸಿನಲ್ಲಿ, ಅಂದರೆ ಕೈಯಲ್ಲಿ ಉಜ್ಜಿದರೆ ಮೆತ್ತಗಾಗಿ ಹಚ್ಚಲು ಬರುತ್ತದೆ, ಹಚ್ಚಿದ ಮೇಲೆ ಎಣ್ಣೆಯಂತೆ ಹರಿಯುವುದಿಲ್ಲ. ಚಳಿಗಾಲದಲ್ಲಿ ತುಟಿಗೆ, ಹಿಮ್ಮಡಿಗೆ ಬರೀ ಇದನ್ನೇ ಹಚ್ಚಿದರೂ ಸಾಕು. ಕಾಸ್ಟಿಕ್ ಬೇಡ, ಥರ್ಮಾಮೀಟರ್ ಬೇಡ, ನೀರಿಲ್ಲದ್ದರಿಂದ ಪ್ರಿಸರ್ವೇಟಿವ್ ಕೂಡ ಬೇಡ. ನನ್ನನ್ನು ಕೇಳಿದರೆ ಶಿರಸಿ, ಕುಮಟಾ ಕಡೆ ನೆಂಟರಿದ್ದವರು ಸ್ಟಿಯರಿಕ್ ಚಕ್ಕೆಗೆ ದುಡ್ಡು ಕೊಡುವ ಮೊದಲು ಒಂದು ಫೋನ್ ಮಾಡುವುದು ಒಳ್ಳೆಯದು.

ಮುರುಗಲಿನ ಬಳಗದ್ದೇ ಆದ ಉಪ್ಪಾಗೆ ಬೀಜದಿಂದಲೂ ಇಂಥದೇ ತುಪ್ಪ ಬರುತ್ತದೆ, ಅದನ್ನು ಆ ಕಡೆ ಅಡುಗೆಗೂ ಬಳಸುತ್ತಿದ್ದರು. ಧೂಪದ ಮರದ ಬೀಜದ ಕೊಬ್ಬೂ ಸ್ಟಿಯರಿಕ್ ಹೆಚ್ಚಿರುವುದೇ. ಪೇಟೆಯಲ್ಲಿ ಸುಲಭಕ್ಕೆ ಸಿಗುವುದು ಮಾತ್ರ ಮುರುಗಲು.

ತಿನ್ನುವ ಮಾತು

ಸ್ಯಾಚುರೇಟೆಡ್ ಅಂದ ತಕ್ಷಣ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕುವವರಿದ್ದಾರೆ. ಅದು ಪೂರ್ತಿ ಸರಿಯಲ್ಲ. ಲಾರಿಕ್, ಮಿರಿಸ್ಟಿಕ್, ಪಾಲ್ಮಿಟಿಕ್ ಆಸಿಡ್‌ಗಳು ರಕ್ತದಲ್ಲಿ ಎಲ್‌ಡಿಎಲ್ ಕೊಲೆಸ್ಟ್ರಾಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಏರಿಸುತ್ತವೆ, ಸ್ಟಿಯರಿಕ್ ಹಾಗೆ ಏರಿಸುವುದಿಲ್ಲ. ಅಮೆರಿಕದಲ್ಲಿ ಬೊನಾನೋಮ್ ಮತ್ತು ಗ್ರಂಡಿ 1988ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಸ್ಪಷ್ಟವಾಗಿ ತೋರಿಸಿತು. ಒಳಗೆ ಹೋದ ಸ್ಟಿಯರಿಕ್‌ನ ಒಂದಿಷ್ಟನ್ನು ದೇಹ ಓಲಿಕ್ ಆಗಿ ಬದಲಿಸಿಕೊಳ್ಳುತ್ತದೆ ಅನ್ನುವುದು ಒಂದು ಕಾರಣ.

ಇದನ್ನು ಓದಿ ತುಪ್ಪದ ಡಬ್ಬಿ ತೆಗೆಯಬೇಡಿ. ತುಪ್ಪದಲ್ಲಿ ಸ್ಟಿಯರಿಕ್ ಹತ್ತು ಹನ್ನೆರಡು ಶೇಕಡ ಮಾತ್ರ, ಪಾಲ್ಮಿಟಿಕ್ ಅದರ ಎರಡು ಪಟ್ಟಿಗಿಂತ ಜಾಸ್ತಿ. ತೆಂಗಿನೆಣ್ಣೆಯಲ್ಲಿ ಸ್ಟಿಯರಿಕ್ ಮೂರು ಶೇಕಡದಷ್ಟು, ಮಿಕ್ಕಿದ್ದು ಬಹುತೇಕ ಲಾರಿಕ್ ಬಳಗ. ತಾಳೆ ಎಣ್ಣೆಯಲ್ಲಿ ನಾಲ್ಕೈದು, ಪಾಲ್ಮಿಟಿಕ್ 44ರಷ್ಟು. ಕೋಕೋ ಬೆಣ್ಣೆಯಲ್ಲಿ ಮೂರನೇ ಒಂದು ಭಾಗ ಸ್ಟಿಯರಿಕ್. ಅಡುಗೆಗೆ ಶೇಂಗಾ ಎಣ್ಣೆ, ಎಳ್ಳೆಣ್ಣೆ, ಕುಸುಬೆ ಎಣ್ಣೆ ಇರುವಾಗ ಸ್ಟಿಯರಿಕ್ ಹುಡುಕುವ ಅಗತ್ಯವೇ ಇಲ್ಲ, ಅವು ಎಲ್‌ಡಿಎಲ್ ಇಳಿಸುತ್ತವೆ, ಸ್ಟಿಯರಿಕ್ ಹೆಚ್ಚೆಂದರೆ ಸುಮ್ಮನಿರುತ್ತದೆ. ತುಪ್ಪ ರುಚಿಗೆ, ಒಂದು ಚಮಚ.

ಈ ಲೆಕ್ಕ ನಿಜವಾಗಿ ಉಪಯೋಗಕ್ಕೆ ಬರುವುದು ಚಾಕಲೇಟ್ ಕೊಳ್ಳುವಾಗ. ಪೊಟ್ಟಣದ ಹಿಂದೆ ಕೋಕೋ ಬೆಣ್ಣೆ ಅಂತ ಇದ್ದರೆ ಅದು ಸ್ಟಿಯರಿಕ್ ಹೆಚ್ಚಿರುವ ಕೊಬ್ಬು. 32-35 ಡಿಗ್ರಿಗೆ ಕರಗುವುದರಿಂದ ಬಾಯಿಗೆ ಹಾಕಿದ ಕೂಡಲೇ ಕರಗಿ ನಾಲಗೆಗೆ ತಂಪೆನಿಸುತ್ತದೆ. ಹೈಡ್ರೋಜನೇಟೆಡ್ ವೆಜಿಟೇಬಲ್ ಫ್ಯಾಟ್ ಅಂತ ಇದ್ದರೆ ಅದು ಕಾಂಪೌಂಡ್ ಚಾಕಲೇಟ್, ಹೆಚ್ಚಾಗಿ ತಾಳೆಯ ಬೀಜದ ಲಾರಿಕ್ ಕೊಬ್ಬು. ಅಗ್ಗ, ಬಿಸಿಲಿಗೆ ತಡೆಯುತ್ತದೆ, ಮನೆಯಲ್ಲಿ ಕೇಕಿನ ಮೇಲೆ ಎರೆಯಲು ಸುಲಭ, ರುಚಿಯಲ್ಲಿ ಅಷ್ಟಕ್ಕಷ್ಟೆ, ಬಾಯಲ್ಲಿ ಮೇಣ ಬಳಿದಂತೆ ಉಳಿಯುತ್ತದೆ. ಪುತ್ತೂರಿನಲ್ಲಿ 1986ರಿಂದ ಕ್ಯಾಂಪ್ಕೊ ಸಹಕಾರ ಸಂಸ್ಥೆಯ ಚಾಕಲೇಟ್ ಕಾರ್ಖಾನೆ ಇದೆ, ಕರಾವಳಿಯ ಅಡಿಕೆ ತೋಟಗಳ ನಡುವೆ ಕೋಕೋ ಬೆಳೆದವರಿಗೆ ಈ ವ್ಯತ್ಯಾಸ ನಾನು ಹೇಳಿಕೊಡಬೇಕಿಲ್ಲ.

ವನಸ್ಪತಿಯ ವಿಷಯದಲ್ಲಿ ಒಂದು ಗೊಂದಲ ಬಿಡಿಸಬೇಕು. ಎಣ್ಣೆಗೆ ಹೈಡ್ರೋಜನ್ ಪೂರ್ತಿ ಸೇರಿಸಿದರೆ ಓಲಿಕ್ ಎಲ್ಲ ಸ್ಟಿಯರಿಕ್ ಆಗುತ್ತದೆ, ಟ್ರಾನ್ಸ್ ಕೊಬ್ಬು ಉಳಿಯುವುದಿಲ್ಲ. ಅರ್ಧಕ್ಕೆ ನಿಲ್ಲಿಸಿದರೆ ಟ್ರಾನ್ಸ್ ಕೊಬ್ಬು ಬರುತ್ತದೆ, ಹೃದಯಕ್ಕೆ ಕೆಟ್ಟದ್ದು ಅದು. ನಮ್ಮ ದೇಶದಲ್ಲಿ 2022ರಿಂದ ಎಣ್ಣೆ, ಕೊಬ್ಬುಗಳಲ್ಲಿ ಟ್ರಾನ್ಸ್ ಕೊಬ್ಬು ಶೇಕಡ 2ನ್ನು ದಾಟಬಾರದು ಅಂತ ನಿಯಮ ಇದೆ. ಬೇಕರಿ ಸಾಮಾನಿನ ಪೊಟ್ಟಣದಲ್ಲಿ ಸ್ಯಾಚುರೇಟೆಡ್ ಎಷ್ಟು ಅನ್ನುವುದಕ್ಕಿಂತ ಮೊದಲು ಟ್ರಾನ್ಸ್ ಎಷ್ಟು ಅಂತ ನೋಡಿ.

ಮಾತ್ರೆಗಳ ಪಟ್ಟಿಯಲ್ಲಿ ಮೆಗ್ನೀಷಿಯಂ ಸ್ಟಿಯರೇಟ್ ಅಂತ ಕಂಡರೆ ಗಾಬರಿ ಬೇಡ. ಪುಡಿ ಯಂತ್ರಕ್ಕೆ ಅಂಟದಿರಲಿ ಅಂತ ಚೂರೇ ಚೂರು ಹಾಕಿರುತ್ತಾರೆ. ಕಟ್ಟುನಿಟ್ಟಿನ ಸಸ್ಯಾಹಾರಿಗಳಾದರೆ ಮೂಲ ಯಾವುದು ಅಂತ ಕಂಪನಿಗೆ ಬರೆದು ಕೇಳಬಹುದು.

ಇನ್ನು ಕೊಳ್ಳುವ ಅಳತೆ. ಮೊದಲ ಸಲ ಕಾಲು ಕಿಲೋ ಸಾಕು. ಮೇಣದಬತ್ತಿಗೆ ಒಂದು ಕಿಲೋಗೆ 100 ಗ್ರಾಂ ದಾಟುವುದಿಲ್ಲ, ಕ್ರೀಮಿಗೆ 20 ಗ್ರಾಂ, ಶೇವಿಂಗ್ ಸೋಪಿನ ಒಂದು ಸಣ್ಣ ಬಟ್ಟಲಿಗೆ 50 ಗ್ರಾಂ. ಉಳಿದದ್ದನ್ನು ಮುಚ್ಚಳ ಇರುವ ಡಬ್ಬದಲ್ಲಿ ಬಿಸಿಲು ತಾಗದ ಕಡೆ ಇಡಿ, ಜೋಡಿ ಬಂಧ ಇಲ್ಲದ ಕೊಬ್ಬು ಬೇಗ ಕಮಟುವುದಿಲ್ಲ, ವರ್ಷ ಕಳೆದರೂ ಬಳಸಬಹುದು. ಡಬ್ಬದ ಮೇಲೆ ಆಸಿಡ್ ವ್ಯಾಲ್ಯೂ ಬರೆದಿಡಿ, ಮುಂದಿನ ಸಲ ಸೋಪು ಮಾಡುವಾಗ ಹುಡುಕುವುದು ತಪ್ಪುತ್ತದೆ.